ಹಬ್ಬಕ್ಕೆ ಸೈಕಲ್‌ಗೆ ಲೈಟ್ ಕಟ್ಟೋದು, 500 ರೂಪಾಯಿ ಒಳಗೆ

ಅಕ್ಕನ ಮಗ ಆಯುಧಪೂಜೆ ದಿನ ಸೈಕಲ್ ತೊಳ್ದು, ಗೊಂಡೆ ಹೂವಿನ ಮಾಲೆ ಹಾಕಿ, ಹ್ಯಾಂಡಲ್ಲಿಗೆ ಕುಂಕುಮ ಹಚ್ಚಿ ಆದ್ಮೇಲೆ "ಮಾಮಾ, ದೀಪಾವಳಿಗೆ ಇದಕ್ಕೆ ಲೈಟ್ ಹಾಕ್ವ" ಅಂದ. ಸರಿ ಅಂತ ಹಾಕಿದ್ವಿ, ಮೊದಲನೇ ವರ್ಷ ಎರಡೇ ದಿನಕ್ಕೆ ಎಲ್ಲಾ ಹಾಳಾಗಿ ಹೋಯ್ತು, ಎರಡನೇ ವರ್ಷ ನೆಟ್ಟಗೆ ಆಯ್ತು. ಕಾರವಾರದಂತ ಉಪ್ಪುಗಾಳಿ ಊರಲ್ಲಿ ಎಂತ ಮಾಡಬೇಕು, ಎಂತ ಮಾಡಬಾರ್ದು ಅಂತ ಆ ಎರಡು ವರ್ಷದಲ್ಲಿ ಗೊತ್ತಾಗಿದ್ದನ್ನ ಬರೀತಿದ್ದೀನಿ.

ಮೊದಲು ಒಂದು ಮಾತು, ಇದರಲ್ಲಿ ದುಡ್ಡು ತಿನ್ನೋದು ಲೈಟ್ ಅಲ್ಲ, ಸೆಲ್ಲು. ತೆಳು ತಾಮ್ರದ ತಂತಿಗೆ ಸಣ್ಣ ಸಣ್ಣ ಎಲ್ಇಡಿ ಇರೋ ಸರ ಬರುತ್ತಲ್ಲ, ಮೂರು ಪೆನ್ಸಿಲ್ ಸೆಲ್ ಹಾಕೋ ಡಬ್ಬಿ ಜೊತೆ, ಅದು 5 ಮೀಟರಿಂದು ಭಾನುವಾರದ ಸಂತೆ ದಿನ ಪೇಟೆಗೆ ಹೋದಾಗ ನಮಗೆ 110 ರೂಪಾಯಿಗೆ ಸಿಕ್ತು. ಮೊದಲ ವರ್ಷ ಅದಕ್ಕೆ 12 ರೂಪಾಯಿ ಸೆಲ್ ಹಾಕಿದ್ದೆ, ಗಡಿಯಾರಕ್ಕೆ ಹಾಕ್ತಾರಲ್ಲ ಅದೇ. ಗಡಿಯಾರಕ್ಕೆ ವರ್ಷಗಟ್ಲೆ ಬರೋ ಸೆಲ್ ಇಲ್ಲಿ ಎರಡು ರಾತ್ರಿಗೆ ಸತ್ತೋಯ್ತು, ಯಾಕಂದ್ರೆ ಗಡಿಯಾರ ಎಳೆಯೋ ಕರೆಂಟ್ ಚೂರೇ ಚೂರು. ನಮ್ಮ 50 ಬಲ್ಬಿನ ಸರಕ್ಕೆ ಕರೆಂಟ್ ಅಳೆಯೋ ಮಲ್ಟಿಮೀಟರ್ ಹಿಡಿದು ನೋಡಿದ್ರೆ 180 ಮಿಲಿಆಂಪ್ ತೋರಿಸ್ತು. ಒಳ್ಳೆ ಆಲ್ಕಲೈನ್ ಸೆಲ್ಲಲ್ಲಿ ಹತ್ತತ್ರ 2000 ಮಿಲಿಆಂಪ್‌ಅವರ್ (ಎಷ್ಟು ಮಿಲಿಆಂಪ್ ಎಷ್ಟು ಗಂಟೆ ಅನ್ನೋ ಲೆಕ್ಕ) ಇರುತ್ತೆ, 180ರಿಂದ ಭಾಗಿಸಿ ನೋಡಿ, ಹತ್ತು ಗಂಟೆ ಮೇಲೆ. ದಿನಕ್ಕೆ ಎರಡು ಗಂಟೆ ಅಂದ್ರೂ ನಾಲ್ಕು ದಿನದ ಹಬ್ಬ ಒಂದೇ ಸೆಟ್ಟಲ್ಲಿ ಮುಗೀತು. 30 ರೂಪಾಯಿಯ ಈ ಆಲ್ಕಲೈನ್ ಸೆಲ್ಲೇ ಕೊನೆಗೆ ಅಗ್ಗ ಬಿತ್ತು. ಮನೇಲಿ ಚಾರ್ಜ್ ಮಾಡೋ ಪೆನ್ಸಿಲ್ ಸೆಲ್ ಇದ್ರೆ ಇನ್ನೂ ಒಳ್ಳೇದು, ಅದು ಒಂದಕ್ಕೆ 1.2 ವೋಲ್ಟ್, ಮೂರಕ್ಕೆ 3.6, ಬೆಳಕು ಒಂಚೂರು ಕಮ್ಮಿ ಕಾಣುತ್ತೆ ಅಷ್ಟೇ. ಹಳೇದು ಹೊಸದು ಕಲಸಿ ಹಾಕ್ಬೇಡಿ, ಸೋತ ಸೆಲ್ ನೀರು ಬಿಟ್ಟು ಡಬ್ಬಿನೇ ಕೆಡಿಸುತ್ತೆ. ಜಾಸ್ತಿ ಬೆಳಕು ಬರ್ಲಿ ಅಂತ 9 ವೋಲ್ಟ್ ಬ್ಯಾಟರಿ ಹಚ್ಚೋ ಬುದ್ಧಿವಂತಿಕೆನೂ ಬೇಡ, ಸರ ಸುಟ್ಟೋಗುತ್ತೆ.

ಪವರ್ ಬ್ಯಾಂಕ್ ಇದೆಯಲ್ಲ, ಯುಎಸ್‌ಬಿ ಸರ ತಂದು ಅದಕ್ಕೇ ಚುಚ್ಚಿದ್ರಾಯ್ತು ಅಂತ ನಾನೂ ಅಂದ್ಕೊಂಡಿದ್ದೆ. ಹಚ್ಚಿ ಅರ್ಧ ನಿಮಿಷಕ್ಕೆ ಆರಿ ಹೋಗೋದು, ಮತ್ತೆ ಬಟನ್ ಒತ್ತಿದ್ರೆ ಮತ್ತೆ ಅಷ್ಟೇ ಹೊತ್ತು. ಸುಮಾರು ಪವರ್ ಬ್ಯಾಂಕು ಕರೆಂಟ್ ತೀರಾ ಕಮ್ಮಿ ಎಳೆದ್ರೆ ಫೋನ್ ಚಾರ್ಜ್ ಆಯ್ತು ಅಂತ ತಿಳ್ಕೊಂಡು ತಾನೇ ಬಂದ್ ಆಗುತ್ತೆ. ಎರಡು ಸರ ಒಟ್ಟಿಗೆ ಹಚ್ಚಿದ್ರೆ ಕೆಲವು ನಿಲ್ತವೆ. ಹಾಗಾಗಿ ಮೊದಲು ಮನೇಲಿ ಹದಿನೈದು ನಿಮಿಷ ಉರಿಸಿ ನೋಡಿ, ಆಮೇಲೆ ಕಟ್ಟಿ.

ನಮ್ಮ ಲೆಕ್ಕ ಇಷ್ಟು: ಎರಡು ಸರ 220, ಗಾಲಿಗೆ 2 ಮೀಟರಿನ ಬಟನ್ ಸೆಲ್ ಸರ 50, ಸಣ್ಣ ಕೇಬಲ್ ಟೈ ಪ್ಯಾಕೆಟ್ 30, ಆರು ಸೆಲ್ 180. ಒಟ್ಟು 480. ಹಳೇ ಟ್ಯೂಬಿನ ತುಂಡು ಸೈಕಲ್ ರಿಪೇರಿ ಅಂಗಡೀಲಿ ಸುಮ್ನೆ ಕೊಟ್ರು.

ಕಟ್ಟೋಕೆ ಮುಂಚೆ ಸೈಕಲ್ ಒರೆಸಿ ಒಣಗಿಸ್ಕೊಳಿ. ಮೊದಲ ಸರ ಫ್ರೇಮಿಗೆ. ಡಬ್ಬಿ ಸೀಟಿನ ಕೆಳಗೆ, ಸ್ವಿಚ್ಚು ಕೈಗೆ ಸಿಗೋ ಹಂಗೆ. ಡಬ್ಬಿ ಮತ್ತೆ ಕಬ್ಬಿಣದ ನಡುವೆ ಟ್ಯೂಬಿನ ತುಂಡು ಇಟ್ಟು ಎರಡು ಕೇಬಲ್ ಟೈ ಬಿಗಿದ್ರೆ ಜಾರಲ್ಲ, ಹೊಂಡ ಹಾರಿದ್ರೂ ಕಟಕಟ ಅನ್ನಲ್ಲ. ಅಲ್ಲಿಂದ ಮೇಲಿನ ಬಾರ್, ಮುಂದೆ ಹೋಗಿ ಕೆಳಗಿನ ಬಾರ್, ನಾಲ್ಕು ಬೆರಳಿಗೆ ಒಂದು ಸುತ್ತು ಬರೋ ಹಂಗೆ ಸುತ್ತಿ, ಗೇಣಿಗೊಂದು ಟೈ. ಟೈ ತೀರಾ ಜಗ್ಗಬೇಡಿ, ತಂತಿ ಮೇಲೆ ಇರೋ ನಿರೋಧಕ ಬಣ್ಣ ಕೂದಲೆಳೆಯಷ್ಟು ತೆಳು, ಅದು ಕೆರೆದು ಹೋಗಿ ಎರಡು ತಂತಿ ಒಂದಕ್ಕೊಂದು ತಾಗಿದ್ರೆ ಶಾರ್ಟು. ಬರೀ ಇನ್ಸುಲೇಶನ್ ಟೇಪ್ ಸುತ್ತಿದ್ರೆ ನಮ್ಮ ಬಿಸಿಲಿಗೆ ಅಂಟು ಕರಗಿ ಜಾರುತ್ತೆ, ಆಮೇಲೆ ಆ ಅಂಟು ಸೀಮೆಎಣ್ಣೆ ಹಾಕಿ ತಿಕ್ಕಬೇಕು.

ಎರಡನೇ ಸರ ಹ್ಯಾಂಡಲ್ಲಿಂದ ಹಿಂದಿನ ಕ್ಯಾರಿಯರ್‌ವರೆಗೆ. ಇಲ್ಲೇ ನಾನು ಎಡವಿದ್ದು. ಹ್ಯಾಂಡಲ್ ನೇರ ಇಟ್ಕೊಂಡು ತಂತಿ ಟೈಟಾಗಿ ಎಳೆದು ಕಟ್ಟಿದ್ದೆ, ಹುಡುಗ ಗೇಟಿನ ಹತ್ರ ತಿರುಗಿಸಿದ ಕೂಡ್ಲೇ ಟಪ್ ಅಂತ ಕಿತ್ತು ಹೋಯ್ತು, ಹಬ್ಬದ ಹಿಂದಿನ ರಾತ್ರಿ ಬೆಸುಗೆ ಹಾಕ್ತಾ ಕೂತಿದ್ದೆ. ಹ್ಯಾಂಡಲನ್ನ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ, ಬ್ರೇಕ್ ಕೇಬಲ್ ಹೆಂಗೆ ಕಮಾನಾಗಿ ಬಿಟ್ಟಿರ್ತಾರೋ ಅಷ್ಟೇ ಸಡಿಲ ಇದಕ್ಕೂ ಬಿಡಿ. ಬ್ರೇಕ್ ಹಿಡಿ ಹತ್ರ, ಚೈನ್ ಹತ್ರ, ಪೆಡಲ್ ಹತ್ರ ಒಂದು ಬಲ್ಬೂ ಬೇಡ.

ಗಾಲಿ ಕೊನೆಗೆ. ಚಂದ ಕಾಣೋದೂ ಅದೇ, ಕೈ ಕೊಡೋದೂ ಅದೇ. ಡಬ್ಬಿನೂ ಗಾಲಿ ಜೊತೆನೇ ತಿರುಗಬೇಕು, ಫ್ರೇಮಿಂದ ತಂತಿ ತಂದ್ರೆ ಒಂದೇ ಸುತ್ತಿಗೆ ಹರಿಯುತ್ತೆ. ಅದಕ್ಕೇ ಹಗುರ ಇರೋ ಬಟನ್ ಸೆಲ್ ಡಬ್ಬಿ ತಗೊಂಡು ಗಾಲಿ ನಟ್ಟನಡುವಿನ ಹಬ್‌ಗೆ ಆದಷ್ಟು ಹತ್ತಿರ, ಕಡ್ಡಿಗಳ ನಡುವೆ ಕಟ್ಟಿ. ರಿಮ್ಮಿನ ಹತ್ರ ಕಟ್ಟಿದ್ರೆ ಗಾಲಿ ಒಂದು ಕಡೆ ಭಾರ ಆಗಿ ಜೋಲಾಡುತ್ತೆ. 26 ಇಂಚಿನ ಗಾಲಿಯ ಸುತ್ತಳತೆ ಸುಮಾರು 2 ಮೀಟರ್, ಹಾಗಾಗಿ 2 ಮೀಟರಿನ ಸರ ಒಂದು ಕಡ್ಡಿ ಗುಂಟ ಹೊರಗೆ ಬಂದು, ರಿಮ್ಮಿಗಿಂತ ಸ್ವಲ್ಪ ಒಳಗೆ ಒಂದು ಕಡ್ಡಿ ಮೇಲೆ ಒಂದು ಕಡ್ಡಿ ಕೆಳಗೆ ಬುಟ್ಟಿ ಹೆಣೆದಂಗೆ ಹೆಣೆದ್ರೆ ಒಂದು ಸುತ್ತು ಬರುತ್ತೆ. ಟೈ ಬಾಲ ಕತ್ತರಿಸಿ, ಸೈಕಲ್ ಎತ್ತಿ ಹಿಡ್ಕೊಂಡು ಗಾಲಿ ಜೋರಾಗಿ ತಿರುಗಿಸಿ, ಫೋರ್ಕಿಗೋ ಬ್ರೇಕ್ ರಬ್ಬರಿಗೋ ಸರ್ ಅಂತ ತಾಗಿದ ಸದ್ದು ಬಂದ್ರೆ ಬಿಚ್ಚಿ ಮತ್ತೆ ಕಟ್ಟಿ. ಬಟನ್ ಸೆಲ್ ಕೆಲವೇ ಗಂಟೆ ಬರೋದು, ಮೆರೆಯೋಕೆ ಹೋಗುವಾಗ ಮಾತ್ರ ಹಚ್ಚಿ. ಮನೇಲಿ ಸಣ್ಣ ಮಕ್ಕಳಿದ್ರೆ ಡಬ್ಬಿ ಸ್ಕ್ರೂ ಬಿಗಿದೇ ಇರ್ಲಿ, ಆ ಸೆಲ್ ನುಂಗಿದ್ರೆ ಗಂಟಲು ಒಳಗೇ ಸುಡುತ್ತೆ, ಒಂದು ಗಳಿಗೆನೂ ಕಾಯದೆ ಆಸ್ಪತ್ರೆಗೆ ಓಡ್ಬೇಕು.

ಉಪ್ಪುಗಾಳಿ ವಿಷಯ. ಮೊದಲ ವರ್ಷ ಡಬ್ಬಿ ಬಿಚ್ಚಿ ನೋಡಿದ್ರೆ ಸ್ಪ್ರಿಂಗ್ ಮೇಲೆ ಹಸಿರು ಪುಡಿ ಕಟ್ಟಿತ್ತು, ಹಂಗಾದ್ರೆ ಸೆಲ್ಲಿಗೆ ಜೀವ ಇದ್ರೂ ಲೈಟ್ ಹತ್ತಲ್ಲ. ಈಗ ಸೆಲ್ ಹಾಕಿದ್ಮೇಲೆ ಅದರ ತುದಿಗೂ ಸ್ಪ್ರಿಂಗಿಗೂ ಬೆರಳ ತುದೀಲಿ ವ್ಯಾಸಲೀನ್ ಸವರ್ತೀನಿ, ತೆಳ್ಳಗೆ. ಮೇಲಿಂದ ತೊಳೆದು ಒಣಗಿಸಿದ ಹಾಲಿನ ಕೊಟ್ಟೆ (ಪ್ಯಾಕೆಟ್) ಹಾಕ್ತೀನಿ, ಬಾಯಿ ಕೆಳಗೆ ಬರೋ ಹಂಗೆ. ಬಾಯಿ ಮೇಲೆ ಮಾಡಿದ್ರೆ ಅದೇ ನೀರು ತುಂಬೋ ಪಾತ್ರೆ, ದೀಪಾವಳಿ ಹೊತ್ತಿಗೂ ನಮ್ಮಲ್ಲಿ ಸಂಜೆ ಒಂದು ಮಳೆ ಹೊಡೆದೇ ಹೊಡೀತದೆ.

ಬಣ್ಣ ನಿಮ್ಮಿಷ್ಟ, ಆದ್ರೆ ಮುಂದೆ ಕೆಂಪು ಬೇಡ, ಎದುರಿಂದ ಬರೋರು ಹಿಂದಿನ ಲೈಟ್ ಅಂತ ತಿಳೀತಾರೆ. ಹಿಂದಿನ ಕೆಂಪು ರಿಫ್ಲೆಕ್ಟರ್ ಮುಚ್ಚಬೇಡಿ. ಈ ಮಿಣಿಮಿಣಿ ಲೈಟಿಂದ ದಾರಿ ಕಾಣಲ್ಲ, ಮುಂದೆ ಟಾರ್ಚ್ ಬೇಕೇ ಬೇಕು. ಹೆದ್ದಾರಿ 66ಕ್ಕಂತೂ ಇಳೀಲೇಬೇಡಿ, ಟ್ರಕ್ಕಿನವರಿಗೆ ನಿಮ್ಮ ಅಲಂಕಾರ ನೋಡೋ ಪುರುಸೊತ್ತಿಲ್ಲ. ನಾವು ಓಣಿ ಒಳಗೇ ಎರಡು ಸುತ್ತು ಹೊಡೆದು, ಬೀಚ್ ಹತ್ರ ಸೈಕಲ್ ತಳ್ಕೊಂಡೇ ಹೋಗಿದ್ವಿ, ಮರಳಿಗೆ ಇಳಿಸ್ಲಿಲ್ಲ, ಚೈನಿಗೆ ಮರಳು ಹೊಕ್ಕರೆ ಅದು ಬೇರೆ ಗೋಳು.

ತುಳಸಿ ಲಗ್ನದವರೆಗೆ ಇಟ್ಕೊಂಡು ಆಮೇಲೆ ಬಿಚ್ಚಿ. ಮೊದಲು ಸೆಲ್ ತೆಗೀರಿ, ಸರವನ್ನ ಒದ್ದೆ ಬಟ್ಟೇಲಿ ಒಮ್ಮೆ, ಒಣ ಬಟ್ಟೇಲಿ ಒಮ್ಮೆ ಒರೆಸಿ, ರಟ್ಟಿನ ತುಂಡಿಗೆ ಸುತ್ತಿ ಡಬ್ಬದಲ್ಲಿ ಹಾಕಿಡಿ. ನಮ್ಮ ಸರ ಈಗ ಅಕ್ಕಿ ಡಬ್ಬದ ಪಕ್ಕ ಇದೆ, ಅಕ್ಕ ಎರಡು ಸಲ ಎಸೆಯೋಕೆ ಹೊರಟಿದ್ಲು.