ಒಂದೇ ಹೋಸಿನಲ್ಲಿ ಎರಡೂ ಕೆಲಸ ಮಾಡುತ್ತಿದ್ದ ಕಾಲ

ಆರ್‌ವಿ, ಅಂದರೆ ಅಡುಗೆಮನೆ, ಹಾಸಿಗೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಪ್ರವಾಸದ ಗಾಡಿ, ತೆಗೆದುಕೊಂಡ ಮೊದಲ ವರ್ಷ ನನ್ನ ಹತ್ತಿರ ಇದ್ದದ್ದು ಒಂದೇ ಹೋಸ್. ಕುಡಿಯುವ ನೀರು ತುಂಬುವುದಕ್ಕೂ ಅದೇ, ಟಾಯ್ಲೆಟ್ಟಿನ ಕೊಳಕು ತುಂಬುವ ಬ್ಲ್ಯಾಕ್ ಟ್ಯಾಂಕ್ ತೊಳೆಯುವುದಕ್ಕೂ ಅದೇ. ಹೋಸಿನಲ್ಲಿ ಹರಿಯುವುದು ಒಳ್ಳೆಯ ನೀರೇ, ಅದೂ ನಲ್ಲಿಯಿಂದ ಟ್ಯಾಂಕಿನ ಕಡೆಗೆ. ಹಿಂದಕ್ಕೆ ಹೇಗೆ ಬರುತ್ತೆ, ಅಲ್ವಾ?

ಒಂದು ದಿನ ಬಂತು. ಟ್ಯಾಂಕ್ ತೊಳೆದು, ನಲ್ಲಿ ನಿಲ್ಲಿಸಿ, ಗಾಡಿಯ ಪಕ್ಕದಲ್ಲಿರುವ ಫ್ಲಶ್ ಬಾಯಿಂದ ಹೋಸ್ ಬಿಚ್ಚಿದೆ. ಆ ಬಾಯಿಂದ ಕಂದು ಬಣ್ಣದ ನೀರು ತೊಟ್ಟಿಕ್ಕಿತು. ಹೋಸಿನ ತುದಿಯಲ್ಲೂ ಅದೇ ಬಣ್ಣ. ಆ ಹೋಸಿನಲ್ಲೇ ಹಿಂದಿನ ದಿನ ಕುಡಿಯುವ ನೀರು ತುಂಬಿಸಿದ್ದೆ. ಅದಕ್ಕೂ ಹಿಂದೆ ಎಷ್ಟು ಸಲವೋ.

ಮನೆಗೆ ಬಂದು ಬಾತ್‌ರೂಮಿನ ಗೋಡೆಯ ಹಲಗೆ ಬಿಚ್ಚಿ ನೋಡಿದೆ. ಫ್ಲಶ್ ನೀರು ನೇರವಾಗಿ ಟ್ಯಾಂಕಿಗೆ ಹೋಗುವುದಿಲ್ಲ. ಗೋಡೆಯೊಳಗೆ ಮೇಲಕ್ಕೆ ಹತ್ತಿ, ವ್ಯಾಕ್ಯೂಮ್ ಬ್ರೇಕರ್ ಅನ್ನುವ ಪುಟ್ಟ ಪ್ಲಾಸ್ಟಿಕ್ ಸಾಧನ ದಾಟಿ, ಆಮೇಲೆ ಕೆಳಗಿಳಿದು ಟ್ಯಾಂಕಿನೊಳಗಿನ ನಳಿಕೆಯಿಂದ ಚಿಮ್ಮುತ್ತದೆ. ನೀರಿನ ಒತ್ತಡ ಕುಸಿದ ತಕ್ಷಣ ಈ ಸಾಧನ ಗಾಳಿಯನ್ನು ಒಳಗೆ ಬಿಡಬೇಕು. ಗಾಳಿ ಹೊಕ್ಕರೆ ಹಿಂದಕ್ಕೆ ಎಳೆಯುವ ಸೆಳೆತ ತುಂಡಾಗುತ್ತದೆ. ನನ್ನದರಲ್ಲಿ ಒಳಗಿನ ಬಿಲ್ಲೆ ಕಸ ಕಟ್ಟಿ ಅಂಟಿಕೊಂಡಿತ್ತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಇದು ಸೀಳುವುದೂ ಉಂಟು. ಗೋಡೆ ಹಿಂದೆ ಇರುವುದರಿಂದ ಯಾರೂ ನೋಡಲು ಹೋಗುವುದಿಲ್ಲ.

ಇದು ನನ್ನೊಬ್ಬನ ನೀರಿನ ವಿಷಯವೂ ಅಲ್ಲ. ದೂರದಲ್ಲೆಲ್ಲೋ ಕೊಳವೆ ಒಡೆದರೂ, ಬೆಂಕಿ ಆರಿಸಲು ಒಮ್ಮೆಲೇ ನೀರು ಎಳೆದರೂ ನೀರಿನ ಲೈನಿನ ಒತ್ತಡ ಕುಸಿಯುತ್ತದೆ. ಆ ಹೊತ್ತಿಗೆ ನನ್ನ ಟ್ಯಾಂಕ್ ತುಂಬಿ, ನಳಿಕೆ ಕೊಳಕು ನೀರಿನಲ್ಲಿ ಮುಳುಗಿದ್ದರೆ, ಲೈನ್ ಅದನ್ನೇ ಹೀರಿಕೊಳ್ಳಬಹುದು. ನನ್ನ ನಂತರ ಅದೇ ನಲ್ಲಿಗೆ ಬಂದವರ ಗತಿ ಏನು?

ವ್ಯಾಕ್ಯೂಮ್ ಬ್ರೇಕರ್ ಬದಲಾಯಿಸಿದೆ. ಜೊತೆಗೆ ನಲ್ಲಿಯ ಬಾಯಿಗೇ ತಿರುಪಿ ಕೂರಿಸುವ ಇನ್ನೊಂದನ್ನು ತಂದೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಇದರ ಬಗ್ಗೆ ಒಂದು ಮಾತು. ಇದನ್ನು ಹಾಕಿದ ಮೇಲೆ ಹೋಸಿನ ಆಚೆ ತುದಿಯಲ್ಲಿ ವಾಲ್ವ್ ಇಟ್ಟು, ಅದನ್ನು ಮುಚ್ಚಿ, ನಲ್ಲಿ ತೆರೆದೇ ಬಿಡಬಾರದು. ಸದಾ ಒತ್ತಡದಲ್ಲಿ ನಿಂತರೆ ಒಳಗಿನ ರಬ್ಬರ್ ಅಂಟಿಕೊಂಡು, ಬೇಕಾದಾಗ ತೆರೆದುಕೊಳ್ಳುವುದಿಲ್ಲ. ನಾನು ಯಾವಾಗಲೂ ನಲ್ಲಿಯ ಹತ್ತಿರವೇ ನೀರು ನಿಲ್ಲಿಸುತ್ತೇನೆ. ಕೆಲಸ ಮುಗಿದ ಮೇಲೆ ಬಿಚ್ಚಿಡುತ್ತೇನೆ.

ಹೋಸ್ ಈಗ ಎರಡು. ಕುಡಿಯುವ ನೀರಿನದು ಬಿಳಿ, ತೊಳೆಯುವುದು ಬೂದು. ಬಣ್ಣ ಬೇರೆ ಇದ್ದರೆ ಸಾಲದು, ಇಡುವ ಜಾಗವೂ ಬೇರೆ ಇರಬೇಕು. ಒಂದೇ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿಟ್ಟರೆ ಅದರ ತುದಿ ಇದಕ್ಕೆ ತಾಗಿಯೇ ತಾಗುತ್ತದೆ. ಬಿಳಿ ಹೋಸಿನ ನೀರು ಬಸಿದು, ಎರಡೂ ತುದಿಗಳನ್ನು ಒಂದಕ್ಕೊಂದು ತಿರುಪಿ ಇಡುತ್ತೇನೆ. ಹುಳ, ಧೂಳು ಒಳಗೆ ಹೋಗುವುದಿಲ್ಲ.

ಕೊಳಕು ನೀರು ಖಾಲಿ ಮಾಡುವ ಜಾಗದಲ್ಲಿ ತೊಳೆಯಲು ಅಂತಲೇ ಒಂದು ನಲ್ಲಿ ಇರುತ್ತದೆ. ಜನ ಅಲ್ಲಿನ ಹೋಸಿನ ತುದಿಯನ್ನು ಸುಮ್ನೆ ಗುಂಡಿಯೊಳಕ್ಕೆ ಇಳಿಬಿಡುವುದನ್ನು ಕಣ್ಣಾರೆ ಕಂಡಿದ್ದೇನೆ. ಆ ನಲ್ಲಿಯಲ್ಲಿ ನಾನು ಕುಡಿಯುವ ನೀರು ತುಂಬುವುದಿಲ್ಲ. ಆದಷ್ಟೂ ಬೇರೆ ಕಡೆ, ಅದೂ ಮೊದಲೇ, ಕೈ ಶುಚಿಯಾಗಿರುವಾಗ ತುಂಬಿಸಿಕೊಂಡು ಬರುತ್ತೇನೆ. ಗತಿಯಿಲ್ಲದೆ ಅದರ ಪಕ್ಕದ ಕುಡಿಯುವ ನೀರಿನ ನಲ್ಲಿಯಲ್ಲೇ ತುಂಬಬೇಕಾದರೆ, ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ದ್ರವ ಬ್ಲೀಚ್ ಬೆರೆಸಿ ನಲ್ಲಿಯ ಬಾಯಿ ಒರೆಸುತ್ತೇನೆ. ಒಂದೆರಡು ನಿಮಿಷ ಒದ್ದೆಯಾಗಿಯೇ ಬಿಟ್ಟು, ನೀರು ಸ್ವಲ್ಪ ಹರಿಯಬಿಟ್ಟು ಆಮೇಲೆ ಬಿಳಿ ಹೋಸ್ ಜೋಡಿಸುತ್ತೇನೆ. ಈ ಬೆರಕೆಯನ್ನು ದಿನಾ ಹೊಸದಾಗಿ ಮಾಡಬೇಕು, ನಿನ್ನೆಯದಕ್ಕೆ ಶಕ್ತಿ ಇರಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆಗಂತೂ ಬ್ಲೀಚ್ ಸೇರಿಸಲೇಬಾರದು, ವಿಷದ ಗಾಳಿ ಏಳುತ್ತದೆ.

ಗ್ಲೌಸ್ ಬಗ್ಗೆ ನನಗೆ ಭ್ರಮೆ ಇತ್ತು. ಗ್ಲೌಸ್ ಕಾಪಾಡುವುದು ನನ್ನ ಕೈಯನ್ನು, ನಲ್ಲಿಯನ್ನಲ್ಲ. ಡ್ರೈನ್ ಪೈಪ್ ಮುಟ್ಟಿದ ಗ್ಲೌಸಿನಲ್ಲೇ ನಲ್ಲಿ ತಿರುಗಿಸಿ, ಗಾಡಿಯ ಬಾಗಿಲು ತೆರೆದು, ಬಿಳಿ ಹೋಸಿನ ಪೆಟ್ಟಿಗೆ ಎಳೆದರೆ ಹಾಕಿಯೂ ಒಂದೇ, ಹಾಕದೆಯೂ ಒಂದೇ. ಈಗ ಕೊಳಕು ಕೆಲಸ ಪೂರ್ತಿ ಮುಗಿಸಿ, ಗ್ಲೌಸ್ ಎಸೆದು, ಸೋಪು ಹಾಕಿ ಕೈ ತೊಳೆದ ಮೇಲೆಯೇ ಮುಂದಿನದು. ವಾಂತಿ ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ, ಸೋಪೇ ಬೇಕು.

ಖಾಲಿ ಮಾಡುವಾಗ ಮೊದಲು ಬ್ಲ್ಯಾಕ್ ಟ್ಯಾಂಕ್, ಆಮೇಲೆ ಸ್ನಾನದ, ಪಾತ್ರೆ ತೊಳೆದ ನೀರಿನ ಗ್ರೇ ಟ್ಯಾಂಕ್. ಈ ಕ್ರಮ ಎಲ್ಲರಿಗೂ ಗೊತ್ತು. ಆದರೆ ಡ್ರೈನ್ ವಾಲ್ವ್ ಮುಚ್ಚಿ ಟ್ಯಾಂಕ್ ತುಂಬಿಸಿ ತೊಳೆಯುವುದಾದರೆ ಅಲ್ಲೇ ನಿಂತಿರಿ. ಮರೆತರೆ ಟಾಯ್ಲೆಟ್ಟಿನಿಂದಲೋ ಚಾವಣಿಯ ಗಾಳಿಕೊಳವೆಯಿಂದಲೋ ಉಕ್ಕುತ್ತದೆ.

ಕಂದು ನೀರು ಕಂಡ ಆ ವಾರ ಕುಡಿಯುವ ನೀರಿನ ಟ್ಯಾಂಕನ್ನೂ ಶುಚಿ ಮಾಡಿದೆ. ಫಿಲ್ಟರ್ ತೆಗೆದಿಟ್ಟು, ವಾಟರ್ ಹೀಟರ್‌ಗೆ ನೀರು ಹೋಗದಂತೆ ಬೈಪಾಸ್ ಮಾಡಿ, ಸುವಾಸನೆ ಬೆರೆಸದ ಮಾಮೂಲಿ ಬ್ಲೀಚನ್ನು ಲೀಟರಿಗೆ ಒಂದು ಮಿಲಿಲೀಟರ್ ಲೆಕ್ಕದಲ್ಲಿ ಹಾಕಿದೆ. 100 ಲೀಟರ್ ಟ್ಯಾಂಕಿಗೆ 100 ಮಿಲಿಲೀಟರ್. ಬ್ಲೀಚನ್ನು ಮೊದಲು ಬಕೆಟ್ ನೀರಿನಲ್ಲಿ ಕದಡಿ ಸುರಿಯಬೇಕು. ಟ್ಯಾಂಕ್ ತುಂಬಿಸಿ, ಒಂದೊಂದೇ ನಲ್ಲಿ ತೆರೆದು ಬ್ಲೀಚ್ ವಾಸನೆ ಬಂದ ಮೇಲೆ ಮುಚ್ಚಿದೆ. ರಾತ್ರಿಯಿಡೀ, ಸುಮಾರು 12 ಗಂಟೆ ಬಿಟ್ಟು ಬಸಿದೆ. ವಾಸನೆ ಹೋಗಲು ಎರಡು ಸಲ ಹೊಸ ನೀರು ತುಂಬಿ ಖಾಲಿ ಮಾಡಬೇಕಾಯಿತು.

ಹಳೆಯ ಹೋಸನ್ನು ಎಸೆಯಲಿಲ್ಲ. ಬೂದು ಹೋಸ್ ಅಂದೆನಲ್ಲ, ಅದು ಅದೇ. ಎರಡೂ ತುದಿಗೆ ಕೆಂಪು ಟೇಪ್ ಸುತ್ತಿದ್ದೇನೆ. ಪಕ್ಕದ ಗಾಡಿಯವರು ಬಂದು "ಒಂದು ನಿಮಿಷ ಹೋಸ್ ಕೊಡ್ತೀರಾ?" ಅಂದರೆ "ಯಾವುದಕ್ಕೆ ಬೇಕಿತ್ತು?" ಅಂತ ಮೊದಲು ಕೇಳುತ್ತೇನೆ. ಬಿಳಿ ಹೋಸನ್ನಂತೂ ಯಾರಿಗೂ ಕೊಡುವುದಿಲ್ಲ. ಜಿಪುಣ ಅಂದುಕೊಂಡರೂ ಪರವಾಗಿಲ್ಲ.