ಬಾನೆಟ್ ತಾನಾಗಿ ಎದ್ದು ನಿಂತರೆ: ಬಿಲ್ ಕಟ್ಟುವ ಮುಂಚೆ ಏನೇನು ನೋಡಬೇಕು?

ಪರಿಚಯದವರೊಬ್ಬರು ಹೋದ ವರ್ಷ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡರು. ಬೆಂಗಳೂರಿನಲ್ಲಿ ಇಂಥ ಕಾರು ಇಟ್ಟುಕೊಂಡವರ ಭಾನುವಾರದ ವ್ರತ ಗೊತ್ತಲ್ಲ, ಬೆಳಗಿನ ಜಾವ ಎದ್ದು ನಂದಿ ಬೆಟ್ಟದ ಕಡೆ ಹೋಗಿ ಕಾಫಿ ಕುಡಿದು ಬರುವುದು. ವಾಪಸ್ ಬರುವಾಗ ಸರ್ವಿಸ್ ರಸ್ತೆಯಲ್ಲಿ ನಾಯಿಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದರೂ ಬಂಪರ್‌ಗೆ ತಾಗಿತು. ‘ಡಬ್’ ಅಂತ ಶಬ್ದ. ಬಾನೆಟ್‌ನ ಹಿಂಭಾಗ ನಾಲ್ಕು ಬೆರಳಿನಷ್ಟು ಮೇಲೆದ್ದು ನಿಂತಿತು. ನಾಯಿ ಎದ್ದು ಓಡಿಹೋಯಿತು. ಬಂಪರ್ ಮೇಲೆ ಹೇಳಿಕೊಳ್ಳುವಂಥ ಗೀರೂ ಇರಲಿಲ್ಲ. ಇವರು ಎರಡೂ ಅಂಗೈ ಊರಿ ಬಾನೆಟ್ ಅದುಮಿದರು. ಜಗ್ಗಲಿಲ್ಲ. ಕೆಲವು ದಿನಗಳ ಮೇಲೆ ಎಸ್ಟಿಮೇಟ್ ಕೈಗೆ ಬಂತು. ಆ ಒಂದು ‘ಡಬ್’ಗೆ ಲಕ್ಷಗಳ ಲೆಕ್ಕ.

ಅವರ ಕಾರು ಕೆಟ್ಟಿರಲಿಲ್ಲ. ಮಾಡಬೇಕಾದ ಕೆಲಸವನ್ನೇ ಮಾಡಿತ್ತು. ಆದರೆ ಆ ಕೆಲಸಕ್ಕೆ ಎಷ್ಟು ಖರ್ಚು, ಅದರಲ್ಲಿ ಎಷ್ಟು ನ್ಯಾಯ, ಎಷ್ಟು ಜಾಸ್ತಿ ಎಂದು ತಿಳಿಯಬೇಕಾದರೆ ಒಳಗೆ ಏನಿದೆ ಎಂದು ಸ್ವಲ್ಪ ಗೊತ್ತಿರಬೇಕು.

ಬಾನೆಟ್ ಏಕೆ ಏಳುತ್ತದೆ?

ಕಾರು ನಡೆದು ಹೋಗುವವರಿಗೆ ಗುದ್ದಿದಾಗ ಮೊದಲು ಪೆಟ್ಟು ಬೀಳುವುದು ಕಾಲಿಗೆ. ಆಮೇಲೆ ಮೈ ಬಾನೆಟ್ ಮೇಲೆ ವಾಲುತ್ತದೆ, ತಲೆ ಬಡಿಯುತ್ತದೆ. ಬಾನೆಟ್‌ನ ತಗಡು ಬಗ್ಗುತ್ತದೆ. ಅದರ ಕೆಳಗಿನ ಎಂಜಿನ್ ಬಗ್ಗುವುದಿಲ್ಲ. ಜೀವ ಹೋಗುವುದು ಅಲ್ಲೇ. ತಗಡಿಗೂ ಎಂಜಿನ್ನಿಗೂ ನಡುವೆ ಜಾಗ ಇದ್ದರೆ ತಲೆ ಉಳಿಯುತ್ತದೆ. ಸಾಧಾರಣ ಕಾರಿನಲ್ಲಿ ಬಾನೆಟ್ ಸ್ವಲ್ಪ ಎತ್ತರಿಸಿದರೆ ಆಯಿತು. ಸ್ಪೋರ್ಟ್ಸ್ ಕಾರಿನ ಅಂದವೇ ಆ ತಗ್ಗಿದ ಮೂತಿ. ಅದರೊಳಗೆ ದೊಡ್ಡ ಎಂಜಿನ್ ತುರುಕಿರುತ್ತಾರೆ. ಜಾಗ ಎಲ್ಲಿಂದ ತರುವುದು?

ಯುರೋಪಿನಲ್ಲಿ 1997ರಿಂದಲೇ ಯುರೋ ಎನ್‌ಕ್ಯಾಪ್ ಸಂಸ್ಥೆ ತಲೆಯ ಆಕಾರದ ಉಂಡೆಯನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಾನೆಟ್‌ಗೆ ಹೊಡೆದು ಅಂಕ ಕೊಡಲು ಶುರು ಮಾಡಿತು. 2005ರಿಂದ ಅಲ್ಲಿ ಹೊಸ ಮಾದರಿಗಳಿಗೆ ಇಂಥ ಪರೀಕ್ಷೆ ಕಾನೂನೇ ಆಯಿತು. ಆಗ ಎಂಜಿನಿಯರುಗಳು ಕಂಡುಕೊಂಡ ಉಪಾಯ ಇದು: ಮಾಮೂಲು ದಿನ ಬಾನೆಟ್ ತಗ್ಗಿಯೇ ಇರಲಿ, ಗುದ್ದಿದ ಗಳಿಗೆಯಲ್ಲಿ ಮಾತ್ರ ಎದ್ದೇಳಲಿ. 2006ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ, 2008ರ ನಿಸಾನ್ 370ಝಡ್ ಇದನ್ನೇ ಹೊತ್ತು ಬಂದವು. ವೋಲ್ವೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2012ರಲ್ಲಿ ವಿ40 ಕಾರಿನ ಹೊರಗಡೆ, ಮುಂದಿನ ಗಾಜಿನ ಬುಡಕ್ಕೇ ಏರ್‌ಬ್ಯಾಗ್ ಇಟ್ಟಿತು. ನಮ್ಮಲ್ಲೂ ಪಾದಚಾರಿಗಳ ರಕ್ಷಣೆಗೆ ಎಐಎಸ್-100 ಎಂಬ ನಿಯಮ 2018ರ ಅಕ್ಟೋಬರ್‌ನಿಂದ ಹೊಸ ಮಾದರಿಗಳಿಗೆ, 2020ರಿಂದ ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೂ ಬಂದಿದೆ. ಅದನ್ನು ಹೇಗೆ ಪಾಲಿಸಬೇಕು ಎನ್ನುವುದು ಕಂಪನಿಗೆ ಬಿಟ್ಟದ್ದು. ದುಬಾರಿ ಕಾರುಗಳು ಏಳುವ ಬಾನೆಟ್ ಹಿಡಿದವು.

ಕೆಲಸ ನಡೆಯುವುದು ಹೀಗೆ. ಬಂಪರ್ ಒಳಗೆ ಫೋಮ್ ಇರುತ್ತದೆ, ಅದರ ಜೊತೆ ಗಾಳಿ ತುಂಬಿದ ರಬ್ಬರ್ ಪೈಪು ಅಥವಾ ಸಣ್ಣ ಸೆನ್ಸರ್‌ಗಳು. ಕಾಲು ತಾಗಿದರೆ ಪೈಪಿನ ಒತ್ತಡ ಏರುತ್ತದೆ. ಕಂಟ್ರೋಲ್ ಯೂನಿಟ್ ಅದನ್ನು ನೋಡಿ ‘ಮನುಷ್ಯನ ಕಾಲಿರಬಹುದು’ ಎಂದು ತೀರ್ಮಾನಿಸಿದರೆ ಬಾನೆಟ್‌ನ ಹಿಂದಿನ ಎರಡು ಮೂಲೆಯ ಲಿಫ್ಟರ್‌ಗಳಿಗೆ ಕಿಡಿ ಹಾರಿಸುತ್ತದೆ. ಒಳಗಿನ ಮದ್ದು ಉರಿದು ಗ್ಯಾಸ್ ಆಗಿ ಬಾನೆಟ್ಟನ್ನು ಮೇಲಕ್ಕೆ ತಳ್ಳುತ್ತದೆ. ಏರ್‌ಬ್ಯಾಗಿನಲ್ಲಿ ಇರುವುದೂ ಇದೇ ಜಾತಿಯ ಮದ್ದು. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಹೆಚ್ಚಿನ ಕಾರುಗಳಲ್ಲಿ ಸುಮಾರು 20ರಿಂದ 50 ಕಿಲೋಮೀಟರ್ ವೇಗದ ನಡುವೆ ಮಾತ್ರ ಇದು ಎಚ್ಚರವಾಗಿರುತ್ತದೆ. ನಾಯಿಯ ಕಾಲೋ ಮನುಷ್ಯನ ಕಾಲೋ ಎಂದು ಅದಕ್ಕೆ ಖಚಿತವಾಗಿ ಗೊತ್ತಾಗುವುದಿಲ್ಲ. ಅನುಮಾನ ಬಂದರೆ ಏಳಲಿ ಎಂದೇ ಮಾಡಿದ್ದಾರೆ, ಅದು ಸರಿಯೂ ಹೌದು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825.

ಹಂತ 1: ಮೊದಲು ಮನುಷ್ಯ, ಆಮೇಲೆ ಕಾರು

ಯಾರಿಗಾದರೂ ಪೆಟ್ಟಾಗಿದ್ದರೆ ಬಾನೆಟ್ ಮರೆತುಬಿಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು, ಇನ್ಶೂರೆನ್ಸ್ ಕಂಪನಿಗೆ ಹೇಳುವುದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಚಾಲಕನ ಹೊಣೆ.

ಹಂತ 2: ಅದುಮಬೇಡಿ, ಓಡಿಸಬೇಡಿ

ಎದ್ದ ಬಾನೆಟ್ಟನ್ನು ಬಲವಂತವಾಗಿ ಒತ್ತಿದರೆ ಹಿಂಜ್ ಬಾಗುತ್ತದೆ, ತಗಡಿನಲ್ಲಿ ತಗ್ಗು ಬೀಳುತ್ತದೆ. ಉಳಿಯಬಹುದಾಗಿದ್ದ ಬಾನೆಟ್ಟೂ ಹೊಸದಾಗಿ ಬೇಕಾಗುತ್ತದೆ. ನಮ್ಮ ಪರಿಚಯದವರು ತಮ್ಮ ಎಸ್ಟಿಮೇಟ್‌ಗೆ ಒಂದು ಸಾಲು ಸೇರಿಸಿಕೊಂಡದ್ದು ಹೀಗೆಯೇ. ಲಿಫ್ಟರ್ ಸ್ವಲ್ಪ ಹೊತ್ತು ಬಿಸಿಯಾಗಿರುತ್ತದೆ, ಮುಟ್ಟಬೇಡಿ. ಎದ್ದ ಬಾನೆಟ್ ಮುಂದಿನ ನೋಟಕ್ಕೂ ಅಡ್ಡ. ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಕಾರನ್ನು ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿ ಕರೆಸಿ.

ಹಂತ 3: ಮದ್ದಿನದೋ, ಸ್ಪ್ರಿಂಗಿನದೋ?

ಕಾರಿನ ಜೊತೆ ಬಂದ ಮ್ಯಾನುಯಲ್ ತೆಗೆಯಿರಿ. ನಮ್ಮಲ್ಲಿ ಅದು ಪ್ಲಾಸ್ಟಿಕ್ ಕವರ್ ಸಮೇತ ಡ್ಯಾಶ್‌ಬೋರ್ಡ್‌ನಲ್ಲೇ ಮಲಗಿರುತ್ತದೆ, ಅಲ್ವಾ? 2009ರ ಮರ್ಸಿಡಿಸ್ ಇ-ಕ್ಲಾಸ್‌ನಂಥ ಕೆಲವು ಕಾರುಗಳಲ್ಲಿ ಬಾನೆಟ್ ಎತ್ತುವುದು ಸ್ಪ್ರಿಂಗ್. ಅಂಥದ್ದನ್ನು ಮ್ಯಾನುಯಲ್‌ನಲ್ಲಿ ಹೇಳಿದಂತೆ ಚಾಲಕನೇ ಮೊದಲಿನ ಜಾಗಕ್ಕೆ ಕೂರಿಸಬಹುದು, ಖರ್ಚು ತೀರಾ ಕಡಿಮೆ. ಮದ್ದಿನದಾದರೆ ಪಟಾಕಿ ಇದ್ದಹಾಗೆ. ಒಮ್ಮೆ ಹಾರಿತು ಅಂದರೆ ಮುಗಿಯಿತು, ಹೊಸದೇ ಬೇಕು.

ಹಂತ 4: ಎಸ್ಟಿಮೇಟ್ ಸಾಲು ಸಾಲಾಗಿ ಓದಿ

ಒಟ್ಟು ಮೊತ್ತ ನೋಡಿ ಎದೆ ಹಿಡಿದುಕೊಳ್ಳುವ ಬದಲು ಪ್ರತಿ ಸಾಲಿಗೂ ಪಾರ್ಟ್ ನಂಬರ್ ಕೇಳಿ. ‘ಬಾನೆಟ್ ಸಿಸ್ಟಂ ರಿಪೇರಿ’ ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ ಒಪ್ಪಬೇಡಿ.

ಎರಡೂ ಲಿಫ್ಟರ್ ಬದಲಿಸಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಹಿಂಜ್ ಕೆಲವು ಮಾದರಿಗಳಲ್ಲಿ ಒಂದೇ ಸಲದ್ದು, ಕೆಲವದರಲ್ಲಿ ಅಲ್ಲ. ಕಂಪನಿಯ ರಿಪೇರಿ ಸೂಚನೆಯಲ್ಲಿ ಏನಿದೆ ಎಂದು ತೋರಿಸಲು ಹೇಳಿ. ಬಂಪರ್ ಒಳಗಿನ ಪೈಪು, ಫೋಮ್, ಸೆನ್ಸರ್‌ಗಳಿಗೂ ಅದೇ ಮಾತು. ಕಂಟ್ರೋಲ್ ಯೂನಿಟ್ ಬಗ್ಗೆ ಮಾತ್ರ ಬಿಡದೆ ಕೇಳಿ. ಕೆಲವು ಕಂಪನಿಗಳು ಅದನ್ನು ಬದಲಿಸಲೇಬೇಕು ಎನ್ನುತ್ತವೆ, ಕೆಲವದರಲ್ಲಿ ಸ್ಕ್ಯಾನರ್ ಹಾಕಿ ಕೋಡ್ ಅಳಿಸಿದರೆ ಸಾಕು. ಈ ಒಂದು ಸಾಲಿನಲ್ಲೇ ದೊಡ್ಡ ವ್ಯತ್ಯಾಸ ಬರಬಹುದು.

ಇನ್ನು ಬಾನೆಟ್. ಇಂಥ ಕಾರುಗಳಲ್ಲಿ ಅದು ಹೆಚ್ಚಾಗಿ ಅಲ್ಯುಮಿನಿಯಂ. ಕಬ್ಬಿಣದ ತಗಡಿನ ಹಾಗೆ ಸುಮ್ನೆ ಬಡಿದು ಮಟ್ಟ ಮಾಡಲಾಗದು. ಕಬ್ಬಿಣಕ್ಕೆ ಬಳಸಿದ ಸಾಮಾನನ್ನೇ ಅದಕ್ಕೂ ತಾಗಿಸಿದರೆ ಕಬ್ಬಿಣದ ಪುಡಿ ಕೂತು, ಮುಂದೆ ಬಣ್ಣದ ಕೆಳಗೆ ಲೋಹ ತಿನ್ನುತ್ತದೆ. ಅದಕ್ಕೇ ಬೇರೆ ಸಾಮಾನು, ಬೇರೆ ಜಾಗ ಇರುವ ಗ್ಯಾರೇಜ್ ಬೇಕು, ಲೇಬರ್ ಜಾಸ್ತಿ. ಬಿಎಂಡಬ್ಲ್ಯು ಎಂ3 ಸಿಎಸ್‌ನಂಥ ಕಾರಿನ ಬಾನೆಟ್ ಕಾರ್ಬನ್ ಫೈಬರಿನದು, ಅದರಲ್ಲಿ ಟಿಂಕರಿಂಗ್ ಮಾತೇ ಇಲ್ಲ. ಹಾಗೆಂದು ಬಾನೆಟ್ ಎದ್ದಾಗಲೆಲ್ಲ ಹೊಸದು ಬೇಕು ಅಂತಿಲ್ಲ. ಮೇಲೆ ಏನೂ ಬಿದ್ದಿಲ್ಲ, ಅಂಚು ಬಾಗಿಲ್ಲ, ಎರಡೂ ಬದಿಯ ಗ್ಯಾಪ್ ಸಮ ಇದೆ ಎಂದಾದರೆ ಏಕೆ ಬದಲಿಸುತ್ತೀರಿ ಎಂದು ಕೇಳುವ ಹಕ್ಕು ನಿಮ್ಮದು.

ಬಂಪರ್ ಬಿಚ್ಚಿದ ಮೇಲೆ ರಾಡಾರ್ ಇದ್ದರೆ ಅದನ್ನು ಮತ್ತೆ ಸರಿಯಾಗಿ ಗುರಿ ಹೊಂದಿಸಬೇಕು. ಇದನ್ನು ಬಿಟ್ಟರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ತಪ್ಪು ಕಡೆ ನೋಡುತ್ತಿರುತ್ತದೆ. ಜಿಎಸ್‌ಟಿಯನ್ನೂ ನೋಡಿ: 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೆ 18 ಪರ್ಸೆಂಟ್, 28 ಅಲ್ಲ.

ಲಿಫ್ಟರ್ ಬರುವುದು ತಡವಾದರೆ ಸಿಟ್ಟಾಗಬೇಡಿ. ಒಳಗೆ ಮದ್ದಿರುವುದರಿಂದ ಸಾಗಣೆಯಲ್ಲಿ ಅದು ಅಪಾಯದ ಸರಕು. ಮಾಮೂಲಿ ಪಾರ್ಸೆಲ್ ಹಾಗೆ ಬರುವುದಿಲ್ಲ.

ಹಂತ 5: ಇನ್ಶೂರೆನ್ಸ್ ಲೆಕ್ಕ ನೀವೇ ಹಾಕಿ

ಝೀರೋ ಡೆಪ್, ಅಂದರೆ ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಪಾಲಿಸಿ, ಇದ್ದರೆ ಅರ್ಧ ತಲೆನೋವು ಕಡಿಮೆ. ಆದರೆ ಹಲವು ಕಂಪನಿಗಳು ಕಾರಿಗೆ ಐದು ವರ್ಷ ದಾಟಿದ ಮೇಲೆ ಅದನ್ನು ಕೊಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳಲ್ಲಿ ಹೆಚ್ಚಿನವು ಆ ವಯಸ್ಸಿನವೇ. ಸಾದಾ ಪಾಲಿಸಿಯಲ್ಲಿ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಏರ್‌ಬ್ಯಾಗ್‌ಗೆ 50 ಪರ್ಸೆಂಟ್. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ: ನಾಲ್ಕರಿಂದ ಐದು ವರ್ಷವಾದರೆ 35, ಐದರಿಂದ ಹತ್ತು ವರ್ಷವಾದರೆ 40. ಪೇಂಟಿಂಗ್ ಬಿಲ್ಲಿನಲ್ಲಿ ನಾಲ್ಕನೇ ಒಂದು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ. ಕಾರಿಗೆ ನಾಲ್ಕೂವರೆ ವರ್ಷ. ಬಾನೆಟ್ 2 ಲಕ್ಷ, ಅದರಲ್ಲಿ ನಿಮ್ಮ ಪಾಲು 70,000. ಬಂಪರ್ 1 ಲಕ್ಷ, ನಿಮ್ಮದು 50,000. ಪೇಂಟಿಂಗ್ 40,000, ನಿಮ್ಮದು 5,000. ಎರಡು ಲಿಫ್ಟರ್‌ಗೆ 80,000. ಇಲ್ಲೇ ಜಗಳ ಇರುವುದು. ನಷ್ಟ ಅಂದಾಜು ಮಾಡುವ ಇನ್ಶೂರೆನ್ಸ್ ಸರ್ವೇಯರ್ ಅದನ್ನು ಏರ್‌ಬ್ಯಾಗ್ ಸಾಲಿಗೆ ಸೇರಿಸಿದರೆ ನಿಮ್ಮ ಕೈಯಿಂದ 40,000, ಲೋಹದ ಸಾಲಿಗೆ ಸೇರಿಸಿದರೆ 28,000. ಯಾವ ಸಾಲಿಗೆ ಹಾಕಿದ್ದಾರೆ, ಏಕೆ ಎಂದು ಬರಹದಲ್ಲಿ ಕೇಳಿ. 1500 ಸಿಸಿ ಮೇಲ್ಪಟ್ಟ ಕಾರಿಗೆ ಕಡ್ಡಾಯ ಕಡಿತ 2,000. ಎಲ್ಲ ಸೇರಿಸಿದರೆ ಕ್ಲೇಮ್ ಪಾಸಾದ ಮೇಲೂ 1,55,000ದಿಂದ 1,67,000 ರೂಪಾಯಿ ನಿಮ್ಮದೇ.

ಖರ್ಚು ಸಣ್ಣದಾಗಿದ್ದರೆ ಕ್ಲೇಮ್ ಮಾಡುವ ಮುಂಚೆ ನೋ ಕ್ಲೇಮ್ ಬೋನಸ್ ನೋಡಿ. ಐದು ವರ್ಷ ಕ್ಲೇಮ್ ಮಾಡದೆ ಕೂಡಿಸಿದ 50 ಪರ್ಸೆಂಟ್ ಪ್ರೀಮಿಯಂ ರಿಯಾಯಿತಿ ಒಂದೇ ಕ್ಲೇಮ್‌ಗೆ ಸೊನ್ನೆಯಾಗುತ್ತದೆ.

ಹಂತ 6: ‘ಅಗ್ಗದಲ್ಲಿ ಮಾಡಿಕೊಡ್ತೀನಿ’ ಎಂದರೆ

ಕೇಳಲು ಹಿತವಾಗಿರುತ್ತದೆ. ಹಾರಿದ ಲಿಫ್ಟರ್ ಹಾಗೇ ಬಿಟ್ಟು, ಬಾನೆಟ್ ಕೆಳಗೆ ಕೂರಿಸಿ, ಲಿಫ್ಟರ್ ತಂತಿಯ ಜಾಗದಲ್ಲಿ ಪುಡಿಗಾಸಿನ ರೆಸಿಸ್ಟರ್ ಸಿಕ್ಕಿಸುತ್ತಾರೆ. ಕಂಟ್ರೋಲ್ ಯೂನಿಟ್‌ಗೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಡ್ಯಾಶ್‌ಬೋರ್ಡ್ ದೀಪ ಆರುತ್ತದೆ. ಮುಂದಿನ ಸಲ ಮಗು ಅಡ್ಡ ಬಂದರೆ ಬಾನೆಟ್ ಏಳುವುದಿಲ್ಲ. ಲೋಕಲ್ ಬಂಪರ್ ಹಾಕಿಸಿ ಒಳಗಿನ ಪೈಪು ಬಿಟ್ಟರೂ ಅದೇ ಕಥೆ. ಆದ್ದರಿಂದ ಕಾರು ತೆಗೆದುಕೊಳ್ಳುವಾಗ ಹಳೆ ಲಿಫ್ಟರ್‌ಗಳನ್ನು ತೋರಿಸಲು ಹೇಳಿ, ಹೊಸದರ ಮೇಲಿನ ಲೇಬಲ್ ಫೋಟೊ ತೆಗೆದುಕೊಳ್ಳಿ, ಸ್ಕ್ಯಾನ್ ರಿಪೋರ್ಟ್ ಪ್ರಿಂಟ್ ಕೇಳಿ.

ಇಂಥ ಕಾರು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟವರಿಗೂ ಇದೇ ಪರೀಕ್ಷೆ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತಲೇ ಇಲ್ಲ ಎಂದರೆ ಯಾರೋ ಕೈಯಾಡಿಸಿರಬಹುದು. ಆಮೇಲೆ ಬಾನೆಟ್ ತೆಗೆದು, ಎರಡೂ ಲಿಫ್ಟರ್ ಮೇಲಿನ ತಯಾರಿಕೆ ತಾರೀಕು ಓದಿ. ನಮ್ಮ ಪರಿಚಯದವರು ಗ್ಯಾರೇಜಿನವರು ಕೈಗಿಟ್ಟ ಹಳೆ ಲಿಫ್ಟರ್‌ಗಳನ್ನು ತಿರುಗಿಸಿ ನೋಡಿದರು. ಅವೆರಡೂ ಕಾರಿಗಿಂತ ಎರಡು ವರ್ಷ ಹೊಸವು. ಮಾರಿದವರು ‘ಒಂದು ಗೀರೂ ಆಗಿಲ್ಲ ಸಾರ್’ ಎಂದಿದ್ದರಂತೆ.