ಕ್ಯಾಬಿನೆಟ್ ಕೊಳ್ಳುವ ಮುನ್ನ ಟೇಪು ಹಿಡಿಯಿರಿ

ಮನೆಯಲ್ಲೇ ಪಿಸಿ ಜೋಡಿಸಲು ಹೊರಟವರು ಯಾವ ಪ್ರೊಸೆಸರ್, ಯಾವ ಗ್ರಾಫಿಕ್ಸ್ ಕಾರ್ಡ್ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅವನ್ನೆಲ್ಲ ಕೂರಿಸುವ ಡಬ್ಬಿ, ಅಂದರೆ ಕ್ಯಾಬಿನೆಟ್‌ಗೆ ಮಾತ್ರ ಐದೇ ನಿಮಿಷ. ಗಾಜು ಇದೆಯಾ, ಬಣ್ಣದ ಲೈಟು ಇದೆಯಾ, ಸರಿ, ಪ್ಯಾಕ್ ಮಾಡಿ!

ನಾನೂ ಹಾಗೇ ಮಾಡಿದ್ದೆ. ಮನೆಗೆ ತಂದು, ಎಲ್ಲ ಜೋಡಿಸಿ, ಕೊನೆಗೆ ಗ್ರಾಫಿಕ್ಸ್ ಕಾರ್ಡ್ ಕೂರಿಸಲು ಹೋದರೆ ಅದರ ಮೂತಿ ಮುಂದಿದ್ದ ಹಾರ್ಡ್‌ಡಿಸ್ಕ್ ಗೂಡಿಗೆ ತಾಗಿ ನಿಂತುಬಿಟ್ಟಿತು. ಒಂದೇ ಒಂದು ಸೆಂಟಿಮೀಟರ್ ಕಮ್ಮಿ. ಆ ಗೂಡಿಗೆ ಸ್ಕ್ರೂ ಹಾಕಿರಲಿಲ್ಲ, ರಿವೆಟ್ ಹೊಡೆದಿದ್ದರು. ಪಕ್ಕದ ಮನೆಯಿಂದ ಡ್ರಿಲ್ ತಂದು, ತಗಡಿನ ಪುಡಿ ಬೀಳಬಾರದೆಂದು ಮದರ್‌ಬೋರ್ಡ್ ಸಮೇತ ಎಲ್ಲವನ್ನೂ ಮತ್ತೆ ಬಿಚ್ಚಿ, ಗೂಡು ಕಿತ್ತು, ಪುನಃ ಜೋಡಿಸುವ ಹೊತ್ತಿಗೆ ಭಾನುವಾರ ಮುಗಿದಿತ್ತು.

ಅಂದಹಾಗೆ, ನಮ್ಮ ಮನೆಗಳಲ್ಲಿ ಆ ಇಡೀ ಡಬ್ಬಿಗೇ ‘ಸಿಪಿಯು’ ಅನ್ನುವುದು ರೂಢಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಖಾಲಿ ಡಬ್ಬಿ ಬೇಕಿದ್ದರೆ ಕ್ಯಾಬಿನೆಟ್ ಎಂದೇ ಕೇಳಿ. ಸಿಪಿಯು ಅಂದರೆ ಪ್ರೊಸೆಸರ್ ಚಿಪ್ ತೋರಿಸುತ್ತಾರೆ.

ಮೊದಲು ಮದರ್‌ಬೋರ್ಡ್ ಅಳತೆ

ಇದು ಸುಲಭ. ಮದರ್‌ಬೋರ್ಡ್‌ಗಳು ಮುಖ್ಯವಾಗಿ ಮೂರು ಅಳತೆಯಲ್ಲಿ ಬರುತ್ತವೆ. ಎಟಿಎಕ್ಸ್ ಅಂದರೆ 305x244 ಮಿ.ಮೀ., ಮೈಕ್ರೊ ಎಟಿಎಕ್ಸ್ 244x244, ಮಿನಿ ಐಟಿಎಕ್ಸ್ 170x170. ದೊಡ್ಡ ಕ್ಯಾಬಿನೆಟ್‌ನಲ್ಲಿ ಸಾಮಾನ್ಯವಾಗಿ ಚಿಕ್ಕ ಬೋರ್ಡ್ ಕೂರುತ್ತದೆ, ಚಿಕ್ಕದರಲ್ಲಿ ದೊಡ್ಡದು ಕೂರುವುದಿಲ್ಲ. ಮೊದಲ ಸಲ ಜೋಡಿಸುವವರು ಮಿನಿ ಐಟಿಎಕ್ಸ್ ಗೊಡವೆಗೆ ಹೋಗಬೇಡಿ. ನೋಡಲು ಮುದ್ದಾಗಿರುತ್ತದೆ ನಿಜ, ಆದರೆ ಒಳಗೆ ಕೈಯೇ ಹೋಗುವುದಿಲ್ಲ. ಎಟಿಎಕ್ಸ್ ಅಳತೆಯನ್ನು ಇಂಟೆಲ್ ತಂದದ್ದು 1995ರಲ್ಲಿ, ಇವತ್ತಿಗೂ ಅದೇ ನಡೆಯುತ್ತಿದೆ. ಹಾಗಾಗಿ ಒಳ್ಳೆ ಕ್ಯಾಬಿನೆಟ್ ಕೊಂಡರೆ ಒಳಗಿನದ್ದನ್ನೆಲ್ಲ ಎರಡು ಸಲ ಬದಲಿಸಿದರೂ ಡಬ್ಬಿ ಅದೇ ಇರಬಹುದು.

ಆಮೇಲೆ ಟೇಪು

ಯಾವ ಕ್ಯಾಬಿನೆಟ್‌ನ ವಿವರದಲ್ಲಾದರೂ ಮೂರು ಅಂಕಿ ಹುಡುಕಿ. ಗ್ರಾಫಿಕ್ಸ್ ಕಾರ್ಡ್ ಎಷ್ಟು ಉದ್ದದ್ದು ಹಿಡಿಯುತ್ತದೆ, ಪ್ರೊಸೆಸರ್ ಕೂಲರ್ ಎಷ್ಟು ಎತ್ತರದ್ದು ಹಿಡಿಯುತ್ತದೆ, ಒಳಗಿನ ಭಾಗಗಳಿಗೆಲ್ಲ ಕರೆಂಟು ಕೊಡುವ ಎಸ್‌ಎಂಪಿಎಸ್‌ಗೆ ಎಷ್ಟು ಜಾಗವಿದೆ. ಈಚಿನ ದೊಡ್ಡ ಗ್ರಾಫಿಕ್ಸ್ ಕಾರ್ಡ್‌ಗಳು 300 ಮಿ.ಮೀ. ದಾಟುತ್ತವೆ. ಗೋಪುರದಂಥ ದೊಡ್ಡ ಕೂಲರ್‌ಗಳು 155ರಿಂದ 165 ಮಿ.ಮೀ. ಎತ್ತರ ಇರುತ್ತವೆ. ಅಂಥದ್ದನ್ನು ಸಣಕಲು ಕ್ಯಾಬಿನೆಟ್‌ನಲ್ಲಿ ಹಾಕಿದರೆ ಪಕ್ಕದ ಬಾಗಿಲೇ ಮುಚ್ಚುವುದಿಲ್ಲ.

ಇಲ್ಲಿ ಒಂದು ಮೋಸವಿದೆ, ಅಂದರೆ ಯಾರೂ ಬೇಕಂತ ಮಾಡಿದ್ದಲ್ಲ, ನಾವೇ ಮೋಸ ಹೋಗುವುದು. ಡಬ್ಬಿಯ ಮೇಲೆ ‘330 ಮಿ.ಮೀ. ಕಾರ್ಡ್ ಹಿಡಿಯುತ್ತದೆ’ ಅಂತ ಇರುತ್ತದೆ. ನೀವು ವಾಟರ್ ಕೂಲಿಂಗ್ ಅಂತ ಮುಂಭಾಗಕ್ಕೆ ನೀರಿನ ಬಿಸಿ ಇಳಿಸುವ ರೇಡಿಯೇಟರ್ ಹಾಕುತ್ತೀರಿ. ರೇಡಿಯೇಟರ್ ದಪ್ಪ ಸುಮಾರು 27 ಮಿ.ಮೀ., ಫ್ಯಾನ್ 25. ಎರಡೂ ಸೇರಿ 52. ಆ 330 ಅನ್ನುವುದು ಖಾಲಿ ಜಾಗದ ಲೆಕ್ಕವಾಗಿದ್ದರೆ ಉಳಿಯುವುದು 278 ಮಾತ್ರ. ನಿಮ್ಮ 305ರ ಕಾರ್ಡ್ ಎಲ್ಲಿಗೆ ಹೋಗಬೇಕು? ಆದ್ದರಿಂದ ಆ ಅಂಕಿಯಲ್ಲಿ ಫ್ಯಾನ್, ರೇಡಿಯೇಟರ್ ಲೆಕ್ಕ ಸೇರಿದೆಯೋ ಇಲ್ಲವೋ ಕೇಳಿ. ಅಂಗಡಿಯಲ್ಲಿ ಡಿಸ್‌ಪ್ಲೇಗೆ ಇಟ್ಟ ಪೀಸ್ ಇದ್ದರೆ ಬಾಗಿಲು ತೆಗೆಸಿ, ಟೇಪು ಹಿಡಿದು ನೀವೇ ಅಳೆದುಬಿಡಿ. ನಾಚಿಕೆ ಏನಿಲ್ಲ.

ಬಾಗಿಲು ತೆಗೆಸಿದಾಗ ಮದರ್‌ಬೋರ್ಡ್ ತಟ್ಟೆಯ ಹಿಂಬದಿಯನ್ನೂ ನೋಡಿ. ವೈರುಗಳೆಲ್ಲ ಅಡಗುವುದು ಅಲ್ಲೇ. ಎರಡು ಸೆಂಟಿಮೀಟರ್ ಆದರೂ ಜಾಗ ಇಲ್ಲದಿದ್ದರೆ ಹಿಂದಿನ ಬಾಗಿಲನ್ನು ಮೊಣಕಾಲು ಊರಿ ಒತ್ತಿ ಮುಚ್ಚಬೇಕಾಗುತ್ತದೆ.

ಗಾಳಿ ಎಲ್ಲಿಂದ ಬರುತ್ತೆ?

ನನ್ನ ಪ್ರಕಾರ ಇದೇ ಮುಖ್ಯ. ಮುಂಭಾಗ ಪೂರ್ತಿ ಗಾಜು ಅಥವಾ ಪ್ಲಾಸ್ಟಿಕ್ ಇರುವ ಕ್ಯಾಬಿನೆಟ್ ನೋಡಲು ಷೋಕೇಸಿನ ಹಾಗೆ ಇರುತ್ತದೆ. ಅದರ ಹಿಂದೆ ಮೂರು ಬಣ್ಣದ ಫ್ಯಾನ್ ತಿರುಗುತ್ತಿರುತ್ತವೆ, ಆದರೆ ಅವಕ್ಕೆ ಗಾಳಿ ಎಳೆದುಕೊಳ್ಳಲು ಅಂಚಿನಲ್ಲಿ ಬೆರಳಗಲದ ಸಂದಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಕಿಟಕಿ ಮುಚ್ಚಿ ಫ್ಯಾನ್ ಹಾಕಿಕೊಂಡ ಹಾಗಾಯಿತು, ಅಲ್ವಾ? ಮುಂಭಾಗ ಜಾಲರಿ ಇರುವುದನ್ನೇ ತಗೊಳ್ಳಿ. ಇನ್ನೊಂದು ಮಾತು ನೆನಪಿರಲಿ. ಫ್ಯಾನ್ ಕೋಣೆಯ ಗಾಳಿಯನ್ನೇ ಒಳಗೆ ತಳ್ಳುತ್ತದೆ, ಅದು ಎಸಿ ಅಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 38 ಡಿಗ್ರಿ ಇದ್ದರೆ ಒಳಗಿನ ಬಿಸಿ ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಹಾಗಾಗಿ ಅಲ್ಲಿನವರಿಗೆ ಜಾಲರಿ ಇನ್ನೂ ಜಾಸ್ತಿ ಮುಖ್ಯ.

ಫ್ಯಾನ್‌ಗಳು ಮುಂದಿನಿಂದ ಗಾಳಿ ಒಳಗೆಳೆಯಬೇಕು, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ ತಳ್ಳಬೇಕು. ಮುಂದೆ ಎರಡು, ಹಿಂದೆ ಒಂದು ಇದ್ದರೆ ಹೆಚ್ಚಿನವರಿಗೆ ಸಾಕು. ಸಾಮಾನ್ಯವಾಗಿ ಮೋಟರ್ ಹಿಡಿದಿರುವ ಅಡ್ಡಕಡ್ಡಿಗಳು ಕಾಣುವ ಕಡೆಯಿಂದ ಗಾಳಿ ಹೊರಬರುತ್ತದೆ, ಅದನ್ನು ನೋಡಿಕೊಂಡು ಕೂರಿಸಿ. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಆಗ ಸಂದಿಗಳಿಂದ ಗಾಳಿ ಹೊರಗೆ ನುಗ್ಗುತ್ತದೆಯೇ ಹೊರತು ಧೂಳು ಒಳಗೆ ಬರುವುದು ಕಡಿಮೆ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಆ ಸಿಮೆಂಟ್ ಧೂಳು ಏನು ಅನ್ನುವುದು ಗೊತ್ತಿದ್ದವರಿಗೆ ಗೊತ್ತು. ಮುಂದೆ ಮತ್ತು ತಳದಲ್ಲಿ ಧೂಳಿನ ಫಿಲ್ಟರ್ ಇರಬೇಕು, ಅದೂ ಸ್ಕ್ರೂಡ್ರೈವರ್ ಇಲ್ಲದೆ ಎಳೆದು ತೊಳೆಯುವಂತಿರಬೇಕು. ಕಷ್ಟಪಟ್ಟು ಬಿಚ್ಚಬೇಕಾದ ಫಿಲ್ಟರನ್ನು ಯಾರೂ ತೊಳೆಯುವುದಿಲ್ಲ, ನಾನಂತೂ ತೊಳೆದಿಲ್ಲ.

ಬಣ್ಣದ ಲೈಟಿನ ಬಗ್ಗೆ ಒಂದೇ ಮಾತು. ಅದರ ವೈರಿನ ಪ್ಲಗ್ ಎರಡು ಬಗೆ. ಮೂರು ಪಿನ್ನಿನ ಎಆರ್‌ಜಿಬಿ 5 ವೋಲ್ಟಿನದು, ನಾಲ್ಕು ಪಿನ್ನಿನ ಆರ್‌ಜಿಬಿ 12 ವೋಲ್ಟಿನದು. ಮೊದಲನೆಯದನ್ನು ಎರಡನೆಯದರ ಜಾಗಕ್ಕೆ ತುರುಕಿದರೆ ಲೈಟು ಸುಟ್ಟುಹೋಗುತ್ತದೆ.

ಜೊತೆಗೆ ಬರುವ ಎಸ್‌ಎಂಪಿಎಸ್

ಕೆಲವು ಅಗ್ಗದ ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಅಂತ ಕೊಡುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಹಾಕುವ ಯೋಚನೆ ಇದ್ದರೆ ಅದನ್ನು ನಂಬಬೇಡಿ. ಎಸ್‌ಎಂಪಿಎಸ್ ಬೇರೆಯಾಗಿ, ಒಳ್ಳೆಯದನ್ನೇ ತಗೊಳ್ಳಿ. ಅದು ಕೂರುವ ಜಾಗ ತಳದಲ್ಲಿದ್ದರೆ ಕ್ಯಾಬಿನೆಟ್‌ನ ಕಾಲುಗಳು ಎತ್ತರವಿವೆಯಾ ನೋಡಿ, ಕೆಳಗಿನಿಂದ ಅದಕ್ಕೂ ಗಾಳಿ ಬೇಕು.

ಮುಂದಿನ ಪೋರ್ಟ್‌ಗಳು: ಟೈಪ್-ಸಿ ಇದ್ದರೆ ಒಳ್ಳೆಯದು, ಆದರೆ ಅದರ ವೈರು ಸಿಕ್ಕಿಸುವ ಜಾಗ ನಿಮ್ಮ ಮದರ್‌ಬೋರ್ಡ್‌ನಲ್ಲಿ ಇಲ್ಲದಿದ್ದರೆ ಅದು ಬರೀ ಅಲಂಕಾರ.

ತಗಡು ಎಷ್ಟು ಗಟ್ಟಿ ಅಂತ ತಿಳಿಯಲು ಪಕ್ಕದ ಬಾಗಿಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಹಪ್ಪಳದ ಹಾಗೆ ಬಳುಕಿದರೆ ಫ್ಯಾನ್ ತಿರುಗುವಾಗ ಗರಗರ ಸದ್ದು ಬರುವುದು ಖಾಯಂ.

ಎಲ್ಲ ನೋಡಿದ ಮೇಲೂ ಗಾಜಿನ ಬಾಗಿಲಿನದೇ ಬೇಕು ಅಂದರೆ ತಗೊಳ್ಳಿ, ನನ್ನದೂ ಅದೇ. ಆದರೆ ಬಿಚ್ಚಿದ ಗಾಜನ್ನು ಟೈಲ್ಸ್ ನೆಲದ ಮೇಲೆ ಅಂಚು ಊರಿ ನಿಲ್ಲಿಸಬೇಡಿ. ಟೆಂಪರ್ಡ್ ಗಾಜಿನ ಮೈ ಗಟ್ಟಿ, ಅಂಚು ನಾಜೂಕು. ಟೈಲ್ಸ್ ಅದಕ್ಕಿಂತ ಗಡಸು. ಒಂದು ಮೂಲೆ ತಾಗಿದರೂ ಇಡೀ ಗಾಜು ಒಂದೇ ಸಲಕ್ಕೆ ಸಕ್ಕರೆಯಂತೆ ಉದುರಬಹುದು. ಸ್ಕ್ರೂ ಬಿಚ್ಚುವ ಮೊದಲೇ ಹಾಸಿಗೆಯ ಮೇಲೆ ಒಂದು ದುಪ್ಪಟಿ ಹಾಸಿಟ್ಟುಕೊಳ್ಳಿ, ಗಾಜನ್ನು ಅದರ ಮೇಲೆ ಮಲಗಿಸಿ, ಆಮೇಲೆ ಉಳಿದ ಕೆಲಸ.